ನಾನು ಹಿಡಿಯದ ವ್ರತ

ಪ್ಯಾಂಟನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮೂತ್ರಕೋಶವೇ ಇರಲಿಲ್ಲ ಎಂದು ನನ್ನ ಗುಮಾನಿ. ಇದ್ದಿದ್ದರೆ ಮೇಲೊಂದು ಬೆಲ್ಟು, ಅದರ ಕೆಳಗೊಂದು ಕೊಕ್ಕೆ, ಕೊಕ್ಕೆಯ ಹಿಂದೊಂದು ಗುಂಡಿ, ಅದರ ಕೆಳಗೊಂದು ಜಿಪ್ಪು ಎಂದು ಇಷ್ಟೆಲ್ಲ ಕಾವಲಿಟ್ಟು ಒಬ್ಬ ಮನುಷ್ಯನನ್ನು ಬಟ್ಟೆಯೊಳಗೆ ಕೂಡಿಹಾಕುತ್ತಿರಲಿಲ್ಲ. ಗಟ್ಟಿಮುಟ್ಟಾಗಿರುವವರಿಗೆ ಇದು ತಮಾಷೆಯ ಮಾತು. ಬೆರಳುಗಳಿಗೆ ಜೋಮು ಹಿಡಿದು, ಬಂತು ಅನ್ನುವುದರೊಳಗೆ ಹೋಗಲೇಬೇಕಾದ ನನ್ನಂಥವನಿಗೆ ಅದು ತಮಾಷೆಯಲ್ಲ.

ನಾನಾಗ ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶಾಲೆಯ ಹತ್ತಿರವೇ ಬಾಡಿಗೆ ಮನೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮೊದಲು ಒಂದು ಕಣ್ಣು ಮಂಜಾಯಿತು, ತಾನಾಗಿಯೇ ಸರಿಯಾಯಿತು. ಆಮೇಲೆ ಎಡಗಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮಂಗಳೂರಿನ ನರರೋಗದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಇದಕ್ಕೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎನ್ನುತ್ತಾರೆ, ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುತ್ತದೆ ಎಂದರು. ಇಲಿ ಕಡಿದ ಪಂಪ್‌ಸೆಟ್ಟಿನ ವೈರು ಎಂದು ನಾನು ಅರ್ಥ ಮಾಡಿಕೊಂಡೆ. ಕಣ್ಣಿನ ಬಗ್ಗೆ, ಕಾಲಿನ ಬಗ್ಗೆ ಅವರು ಬಹಳ ಹೊತ್ತು ಮಾತಾಡಿದರು. ಕೊನೆಗೆ ಚೀಟಿ ಬರೆಯುತ್ತ ತಲೆ ಎತ್ತದೆ, "ಯೂರಿನ್ ಸ್ವಲ್ಪ ಅರ್ಜೆಂಟ್ ಆಗಬಹುದು, ಕಾಫಿ ಟೀ ಕಡಿಮೆ ಮಾಡಿ" ಎಂದರು.

ಸ್ವಲ್ಪವಂತೆ! ಆ 'ಸ್ವಲ್ಪ'ದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಕಾಲು ಎಳೆಯುತ್ತಿದ್ದುದು ನಿಜ, ಆದರೆ ಎಳೆಯುವ ಕಾಲಿನಿಂದ ಯಾರ ಮಾನವೂ ಹೋಗುವುದಿಲ್ಲ. ಬೋರ್ಡಿನ ಮೇಲೆ ತ್ರಿಭುಜ ಬರೆಯುತ್ತಿರುವಾಗ ಒಳಗಿನಿಂದ ಅಪ್ಪಣೆಯಾಗುತ್ತಿತ್ತು. ಸೀಮೆಸುಣ್ಣ ಬಿಟ್ಟು, ಗೋಡೆ ಹಿಡಿದುಕೊಂಡು, ಸೈಕಲ್ ಶೆಡ್ಡಿನ ಹಿಂದಿನ ಮೂತ್ರಿಗೆ ಹೋಗಿ ನಿಂತರೆ ಅಲ್ಲಿ ಈ ಕೊಕ್ಕೆ, ಈ ಗುಂಡಿ, ಈ ಜಿಪ್ಪು. ಜೋಮು ಹಿಡಿದ ಬೆರಳಿಗೆ ಗುಂಡಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಬಾಗಿಲವರೆಗೆ ಬಂದು ಬೀಗ ತೆಗೆಯಲಾಗದೆ ಅಂಗಳದಲ್ಲೇ ಸೋತವನ ಸ್ಥಿತಿ ನನ್ನದು. ಒದ್ದೆಯಾದ ಪ್ಯಾಂಟಿನ ಮೇಲೆ ನಲ್ಲಿಯ ನೀರು ಚೆಲ್ಲಿಕೊಂಡು, "ಥೂ, ಈ ನಲ್ಲಿ ಎಲ್ಲ ಕಡೆ ಹಾರ್ತದೆ" ಎಂದು ಬೈಯುತ್ತ ತರಗತಿಗೆ ವಾಪಸು ಬರುತ್ತಿದ್ದೆ. ಮಳೆಗಾಲದಲ್ಲಿ ಹೇಗೋ ನಡೆಯಿತು, ಆಗ ಒಣ ಪ್ಯಾಂಟಿನವರು ಯಾರೂ ಇರುವುದಿಲ್ಲ. ಮಳೆ ನಿಂತ ಮೇಲೆ ನನಗೆ ನೆಪವಿಲ್ಲದೆ ಹೋಯಿತು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಬಟ್ಟೆ ಹೊಲಿಯುತ್ತಿದ್ದ ದರ್ಜಿಯೊಬ್ಬನಿದ್ದ. ಜಿಪ್ಪು ಗುಂಡಿ ಎಲ್ಲ ತೆಗೆದು ಶಾಲೆಯ ಬ್ಯಾಗಿಗೆ ಹಾಕುವ ವೆಲ್ಕ್ರೋ ಪಟ್ಟಿ ಹಾಕಿಕೊಡು ಎಂದೆ. ಯಾಕೆ ಎಂದು ಕೇಳಿದ. ಸೊಂಟದ ಕೆಳಗಿನ ತೊಂದರೆ ಎಂದೆ. ಅವನು ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳಿಗೆ ಸ್ಪಷ್ಟವಾಗಿ ಕೇಳುವಷ್ಟು ಮೆಲ್ಲನೆಯ ದನಿಯಲ್ಲಿ, "ಪೈಲ್ಸಾ ಸಾರ್? ನಮ್ಮ ಭಾವನಿಗೂ ಹಂಗೇ ಆಗಿತ್ತು, ಮೂಲಂಗಿ ತಿನ್ನಿ" ಎಂದ. ಪ್ಯಾಂಟೇನೋ ಹೊಲಿದುಕೊಟ್ಟ. ಆದರೆ ಆ ಪಟ್ಟಿ ಬಿಚ್ಚುವಾಗ 'ಪರ್‍ರ್' ಎಂದು ಹಳೆ ಸೀರೆ ಹರಿದ ಹಾಗೆ ಸದ್ದು ಮಾಡುತ್ತಿತ್ತು. ವಾರ ಕಳೆಯುವುದರೊಳಗೆ ನಾನು ಸೈಕಲ್ ಶೆಡ್ಡಿನ ಕಡೆ ಹೊರಟ ಕೂಡಲೇ ಹಿಂದಿನ ಬೆಂಚಿನಿಂದ ಬಾಯಲ್ಲೇ 'ಪರ್‍ರ್' ಅನ್ನಿಸುವ ಪ್ರತಿಭಾವಂತರು ಹುಟ್ಟಿಕೊಂಡರು. ಬಿದ್ದ ಸೀಮೆಸುಣ್ಣ ಹೆಕ್ಕಲು ಬಗ್ಗಿದಾಗ ಒಂದು ದಿನ ಅದು ತಾನಾಗಿಯೇ ಬಿಚ್ಚಿಕೊಂಡಿತು. ಆ ಪ್ಯಾಂಟನ್ನು ನಾನು ಮತ್ತೆ ಹಾಕಲಿಲ್ಲ.

ಆಗಷ್ಟೇ ಕೊಪ್ಪದಲ್ಲಿ ಸೈಬರ್ ಸೆಂಟರು ಬಂದಿತ್ತು. ಅಲ್ಲಿ ಕುಳಿತು ನನ್ನ ಕಾಯಿಲೆಯ ಹೆಸರು ಹುಡುಕಿದರೆ ಬೇರೆ ದೇಶದ ಅಂಗಡಿಯೊಂದರ ಚಿತ್ರಗಳು ಬಂದವು. ನನ್ನಂಥವರಿಗೆಂದೇ ಹೊಲಿದ ಪ್ಯಾಂಟುಗಳು, ಗಾಲಿಕುರ್ಚಿಯಲ್ಲಿ ಕುಳಿತೇ ಪಕ್ಕದಿಂದ ತೆರೆಯುವಂಥವು, ಒಳಗೆ ನೀರು ಹೀರುವ ಪದರ ಇರುವಂಥವು. ಅದನ್ನು ಹಾಕಿಕೊಂಡ ಮುದುಕ ಮಗಳ ಮದುವೆಗೆ ಹೊರಟವನಂತೆ ನಗುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಅವನ ಪ್ಯಾಂಟಿನ ಮೇಲಲ್ಲ, ಆ ನಗುವಿನ ಮೇಲೆ. ಅಲ್ಲಿ ಇದಕ್ಕೆ ಅಂಗಡಿಯಿದೆ, ಇಲ್ಲಿ ಇದನ್ನು ಹೇಳುವುದಕ್ಕೆ ಬಾಯಿಯೂ ಇಲ್ಲವಲ್ಲ ಎನ್ನಿಸಿತು.

ದಾರಿ ತೋರಿಸಿದವಳು ನನ್ನ ಹೆಂಡತಿ. ಅವಳ ತವರು ಶೆಟ್ಟಿಕೊಪ್ಪ, ಬೇಸಾಯದ ಮನೆ, ಮಾತು ನೇರ. ಒಂದು ಭಾನುವಾರ ನಾನು ಮೂರನೆಯ ಪ್ಯಾಂಟು ಬದಲಾಯಿಸುತ್ತಿರುವುದನ್ನು ನೋಡಿ, "ನಿಮ್ಮಪ್ಪ ಜನ್ಮ ಇಡೀ ಪಂಚೆಯಲ್ಲೇ ಕಳೆದ್ರಲ್ಲ, ನಿಮಗೆಂಥ ಧಾಡಿ? ಪ್ಯಾಂಟೇನು ಹುಟ್ಟುವಾಗ ಹಾಕ್ಕೊಂಡು ಬಂದಿದ್ರಾ?" ಎಂದಳು. ಅಷ್ಟು ಹೇಳಿ ಸುಮ್ಮನಾಗದೆ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಪಂಚೆಯ ಗಂಟು ಜಾರದ ಹಾಗೆ ಸೊಂಟಕ್ಕೆ ಅಗಲವಾದ ಇಲಾಸ್ಟಿಕ್ ಹಾಕಿದಳು. ಕಾಲಿಗೆ ಸಿಕ್ಕಿ ಮುಗ್ಗರಿಸದಂತೆ ಕೆಳಗೆ ಒಂದು ಗೇಣು ಗಿಡ್ಡ ಮಾಡಿದಳು. ಗಾಳಿಗೆ ಹಾರದಂತೆ ಅಂಚಿಗೆ ದಪ್ಪ ಲಾಡಿ ಸೇರಿಸಿ ಹೊಲಿದಳು. ಒಳಗೆ ಕಟ್ಟಿಕೊಳ್ಳಲು ಹಳೆಯ ಟರ್ಕಿ ಟವೆಲ್ಲಿನ ಮೆತ್ತನೆಯ ಪಟ್ಟಿಗಳನ್ನು ಮಾಡಿದಳು, ಒದ್ದೆಯಾದರೆ ಒಂದನ್ನೆಳೆದು ಇನ್ನೊಂದನ್ನು ಸಿಕ್ಕಿಸಿದರೆ ಮುಗಿಯಿತು. ಬಿಳಿಯ ಪಂಚೆಯಲ್ಲಿ ಹನಿ ಬಿದ್ದರೂ ಕಾಣುತ್ತದೆಂದು ಕಪ್ಪು ಬಟ್ಟೆಯನ್ನೇ ತರಿಸಿದ್ದಳು. ಉಟ್ಟು ನೋಡಿದೆ. ಪಕ್ಕಕ್ಕೆ ಸರಿಸಿದರೆ ಆಯಿತು, ಕೊಕ್ಕೆಯಿಲ್ಲ, ಕಾವಲಿಲ್ಲ. ಆವತ್ತು ನಾನು ಮಗುವಿನ ಹಾಗೆ ಮನೆಯೊಳಗೆಲ್ಲ ಓಡಾಡಿದೆ.

ಅದು ದೀಪಾವಳಿ ಕಳೆದ ಹೊಸತು. ಅದೇ ಹೊತ್ತಿಗೆ ಬೆರಳಿನ ಜೋಮು ಹೆಚ್ಚಾಗಿ ರೇಜರ್ ಹಿಡಿಯಲಾರದೆ ಗಡ್ಡ ಬಿಟ್ಟಿದ್ದೆ. ಎಡಗಾಲಿನಿಂದ ಚಪ್ಪಲಿ ಜಾರಿ ಹೋದರೂ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಚಪ್ಪಲಿಯನ್ನೂ ಬಿಟ್ಟಿದ್ದೆ. ಕಪ್ಪು ಪಂಚೆ, ಗಡ್ಡ, ಬರಿಗಾಲು. ಊರಿನವರಿಗೆ ಇನ್ನೇನು ಬೇಕು? ಶಾಲೆಯ ದಾರಿಯಲ್ಲಿ ಸಿಕ್ಕ ಮೊದಲನೆಯವನೇ ಎರಡೂ ಕೈ ಎತ್ತಿ, "ಸ್ವಾಮಿ ಶರಣಂ! ಮಾಲೆ ಹಾಕಿದ್ರಾ ಮೇಷ್ಟ್ರೇ?" ಎಂದ.

ಇಲ್ಲ ಮಾರಾಯ ಎಂದೆ. ಅವನು ನಕ್ಕು ಕೈಮುಗಿದು ಹೋದ. ಮರುದಿನ ಇನ್ನೊಬ್ಬರು. ನಾನು ಶಬರಿಮಲೆಗೆ ಹೋಗುವವನಲ್ಲ, ನನಗೆ ಕಾಯಿಲೆ, ಅದಕ್ಕೆ ಈ ಪಂಚೆ ಎಂದು ಒಬ್ಬೊಬ್ಬರಿಗೂ ಹೇಳಿದೆ. ನಿಜವಾದ ಸ್ವಾಮಿಗಳು ಹೇಳಿಕೊಳ್ಳುವುದಿಲ್ಲ ಎಂದು ಅವರೇ ತೀರ್ಮಾನಿಸಿದರು. ಕೊರಳಲ್ಲಿ ಮಾಲೆ ಎಲ್ಲಿದೆ ತೋರಿಸಿ ಎಂದರೆ, ಅಂಗಿಯೊಳಗಿರುತ್ತದೆ ಬಿಡಿ ಎಂದು ನನಗೇ ಸಮಾಧಾನ ಹೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಯಾರ ಮನೆಗೆ ಹೋದರೂ ಕಾಫಿ ಬೇಡವೆನ್ನುತ್ತಿದ್ದೆ. ನಮ್ಮ ಕಡೆ ಕಾಫಿ ಬೇಡವೆಂದರೆ ಆ ಮನೆಯವರ ಮೇಲೆ ಮುನಿಸು ಎಂದೇ ಲೆಕ್ಕ. ಅದಕ್ಕೆ ಮುಂಚೆ ಎಷ್ಟೋ ಮನೆಯಲ್ಲಿ ಮುಖ ಊದಿಸಿಕೊಂಡಿದ್ದರು. ಈಗ ಅದೂ ವ್ರತವಾಯಿತು. "ಸ್ವಾಮಿಗಳಿಗೆ ಒತ್ತಾಯ ಮಾಡ್ಬೇಡಿ" ಎಂದು ಯಜಮಾನರೇ ಹೆಂಗಸರಿಗೆ ಹೇಳುತ್ತಿದ್ದರು.

ಬಸ್ಸಿನ ಕತೆ ಕೇಳಿದರೆ ನಿಮಗೂ ಮೈ ಉರಿಯುತ್ತದೆ. ಪ್ಯಾಂಟು ಹಾಕುತ್ತಿದ್ದ ಕಾಲದಲ್ಲಿ ನಾನು ಕೊಪ್ಪಕ್ಕೆ ಹೋಗಲೆಂದು ತೂರಾಡುತ್ತ ಬಸ್ಸು ಹತ್ತಿದರೆ, "ಬೆಳಿಗ್ಗೆಯೇ ಏರಿಸಿದ್ದಾರೆ, ಮೇಷ್ಟ್ರು ಬೇರೆ" ಎಂದು ಕಂಡಕ್ಟರು ಡ್ರೈವರಿಗೆ ಹೇಳಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ಅದೇ ಕಂಡಕ್ಟರು ಈಗ ಮುಂದಿನ ಸೀಟಿನವರನ್ನು ಎಬ್ಬಿಸಿ, "ಸ್ವಾಮಿ ಬಂದ್ರು, ಜಾಗ ಬಿಡಿ" ಎಂದು ನನ್ನ ರಟ್ಟೆ ಹಿಡಿದು ಕೂರಿಸುತ್ತಿದ್ದ. ಕಾಲು ಅದೇ, ತೂರಾಟವೂ ಅದೇ. ಪ್ಯಾಂಟಿನಲ್ಲಿ ಕುಡುಕನಾಗಿದ್ದವನು ಪಂಚೆಯಲ್ಲಿ ಪುಣ್ಯವಂತನಾಗಿದ್ದೆ. ರೋಗಿಯಾಗಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಶಾಲೆಯಲ್ಲಿಯೂ ಅಷ್ಟೆ. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕೊಪ್ಪದ ಅಡಿಕೆ ವ್ಯಾಪಾರಿ, ಶಿಸ್ತಿನ ವಿಷಯದಲ್ಲಿ ಭಾರಿ ಬಿಗಿ. ಮೇಷ್ಟ್ರುಗಳು ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿರಬೇಕು ಎಂದು ಕಟ್ಟಪ್ಪಣೆ ಮಾಡಿದವರು. ಅವರೇ ವರಾಂಡದಲ್ಲಿ ನನ್ನನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದರು. ಸಂಕ್ರಾಂತಿಯವರೆಗೆ ನಾನು ನೆಮ್ಮದಿಯಿಂದ ಪಾಠ ಮಾಡಿದೆ. ಪಂಚೆ ಸರಿಸಿ ಹೋಗಿ ಬಂದು ಮುಂದಿನ ಲೆಕ್ಕ ಬಿಡಿಸುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ನಾನು ಮತ್ತೆ ಮೇಷ್ಟ್ರಾಗಿದ್ದೆ.

ಸಂಕ್ರಾಂತಿ ಕಳೆಯಿತು. ಶಬರಿಮಲೆಗೆ ಹೋದವರೆಲ್ಲ ಬಂದು, ಗಡ್ಡ ಬೋಳಿಸಿ, ಪ್ಯಾಂಟಿಗೆ ಮರಳಿದರು. ನಾನು ಮರಳಲಿಲ್ಲ. ಮೊದಲು ನೋಟ, ಆಮೇಲೆ ಗುಸುಗುಸು, ಆಮೇಲೆ ಮಂಡಳಿಯ ಸಭೆಗೆ ಕರೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಕಾರ್ಯದರ್ಶಿಗಳು ಗರಿಗರಿಯಾದ ಬಿಳಿ ಪಂಚೆ ಉಟ್ಟು ಕುಳಿತಿದ್ದರು.

"ಯಾತ್ರೆ ಮುಗೀತಲ್ಲ ಮೇಷ್ಟ್ರೇ. ಇನ್ನೂ ಪಂಚೆ ಎಂತಕ್ಕೆ? ಮಕ್ಕಳಿಗೆ ಶಿಸ್ತು ಬೇಡ್ವಾ?"

"ನೀವೂ ಪಂಚೆ ಉಟ್ಟಿದ್ದೀರಲ್ಲ."

"ನಾನೇನು ಪಾಠ ಮಾಡ್ತೀನಾ?"

ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ನಾನು ಯಾತ್ರೆಗೆ ಹೋಗಿರಲೇ ಇಲ್ಲ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ನರ, ಹೊದಿಕೆ, ಬೆರಳು, ಗುಂಡಿ. ಅವರಿಗೆ ತಲೆ ಬುಡ ತಿಳಿಯುತ್ತಿಲ್ಲವೆಂದು ಕಂಡು, ಕೊನೆಗೆ, "ನನಗೆ ಉಚ್ಚೆ ತಡೆಯಲಿಕ್ಕೆ ಆಗುವುದಿಲ್ಲ. ಪ್ಯಾಂಟು ಬಿಚ್ಚುವುದರೊಳಗೆ ಆಗಿಹೋಗುತ್ತದೆ" ಎಂದೆ. ಕಾರ್ಯದರ್ಶಿಗಳು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, ಅದರಲ್ಲಿ ನೊಣ ಬಿದ್ದಿದೆಯೋ ಎಂಬಂತೆ ನೋಡಿದರು. ಮಂಡಳಿಯವರೊಬ್ಬರು, "ಸಕ್ಕರೆ ಕಾಯಿಲೆ ಇರ್ಬೇಕು, ಹಾಗಲಕಾಯಿ ರಸ ಕುಡಿದ್ರೆ ಹೋಗ್ತದೆ" ಎಂದರು.

ನಮ್ಮ ಹೆಡ್‌ಮಾಸ್ಟರು ಕೆಟ್ಟವರಲ್ಲ, ಎಲ್ಲರಿಗೂ ಒಳ್ಳೆಯವರಾಗಿರಬೇಕೆಂಬ ಹಂಬಲದವರು. ಅವರು ನನ್ನನ್ನು ಹೊರಗೆ ಕರೆದು ಹೇಳಿದರು: "ಇದನ್ನೆಲ್ಲ ಎಂತಕ್ಕೆ ಬಾಯಿಬಿಟ್ಟು ಹೇಳ್ತೀರಿ ಮಾರಾಯ್ರೇ? ವ್ರತ ಪರೀಕ್ಷೆವರೆಗೂ ಮುಂದುವರಿಸಿದ್ದೀನಿ ಅನ್ನಿ ಸಾಕು. ವ್ರತ ಅಂದ್ರೆ ಅವ್ರು ಉಸಿರೆತ್ತಲ್ಲ. ಪಂಚೆಯೂ ಉಳೀತದೆ, ಕ್ಲಾಸೂ ಉಳೀತದೆ."

ಇಲ್ಲದಿದ್ದರೆ? ಇಲ್ಲದಿದ್ದರೆ ಪ್ಯಾಂಟು, ಅಥವಾ ರಜೆ. ಆ ಸುಳ್ಳು ಹೇಳಲು ನನ್ನಿಂದಾಗುವುದಿಲ್ಲ ಎಂದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು, ರೇಖಾಗಣಿತ ಅರ್ಧಕ್ಕೆ ನಿಂತಿತ್ತು. ನನ್ನ ಕಾಲು ಹೋದರೂ ಆ ಕ್ಲಾಸು ಹೋಗಬಾರದು ಎಂದು ಎಷ್ಟು ಆಸೆಯಿತ್ತೆಂದರೆ, ಮನೆಗೆ ಬರುವ ದಾರಿಯಲ್ಲಿ ಹೂಂ ಅಂದುಬಿಡಬಹುದಿತ್ತೇನೋ ಎಂದೂ ಅನ್ನಿಸಿತು. ಹೆಂಡತಿಗೆ ಹೇಳಿದೆ. "ವ್ರತ ಅಂದ್ರೆ ಒಂದು ದಿನ ಮುಗೀಬೇಕಲ್ಲ. ನಿಮ್ಮ ಕಾಯಿಲೆ ಯಾವ ಸಂಕ್ರಾಂತಿಗೆ ಮುಗೀತದಂತೆ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯಿತು. ಹೆಡ್‌ಮಾಸ್ಟರು ಮೈಕಿನ ಮುಂದೆ ಬಂದರು. ನನ್ನನ್ನು ಉಳಿಸುವ ಭಾರವನ್ನು ತಾವೇ ಹೊತ್ತುಕೊಂಡಿದ್ದರು. "ಹತ್ತನೇ ತರಗತಿಯ ಮಕ್ಕಳೆಲ್ಲ ಒಳ್ಳೆಯ ರೀತಿಯಲ್ಲಿ ಪಾಸಾಗಲಿ ಎಂದು ನಮ್ಮ ಗಣಿತದ ಮೇಷ್ಟ್ರು ತಮ್ಮ ವ್ರತವನ್ನು ಪರೀಕ್ಷೆ ಮುಗಿಯುವವರೆಗೂ ಮುಂದುವರಿಸಲು ಸಂಕಲ್ಪ ಮಾಡಿದ್ದಾರೆ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹತ್ತನೆಯ ತರಗತಿಯವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಸಾಧಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಈ ಮಕ್ಕಳಿಗೆ ದಿನಾ ಬಡಿದುಕೊಳ್ಳುವವನು ನಾನು. ನಾಳೆ ಪಂಚೆ ಒದ್ದೆಯಾದರೆ ಇವರ ಕಣ್ಣಿಗೆ ಅದು ಕಾಯಿಲೆಯಾಗುವುದಿಲ್ಲ, ಸ್ವಾಮಿಯೊಬ್ಬನ ಅಪಚಾರವಾಗುತ್ತದೆ. ದೇವರಿಗೋಸ್ಕರವಾದರೆ ನೆಲ ಒರೆಸುವ ಬಟ್ಟೆಯನ್ನೂ ಕಣ್ಣಿಗೊತ್ತಿಕೊಳ್ಳುತ್ತಾರೆ, ದೇಹಕ್ಕೋಸ್ಕರ ಎಂದರೆ ಬಾಗಿಲು ತೋರಿಸುತ್ತಾರೆ. ಯಾಕೆ, ಈ ದೇಹವನ್ನು ನಾನು ಸಂತೆಯಿಂದ ತಂದದ್ದೇ? ವರಾಂಡದ ಕಂಬಗಳನ್ನು ಹಿಡಿದುಕೊಂಡು ಮೈಕಿನ ಹತ್ತಿರ ಹೋದೆ.

"ಮಕ್ಕಳೇ, ನಾನು ಯಾವ ವ್ರತವನ್ನೂ ಹಿಡಿದಿಲ್ಲ" ಎಂದೆ. "ನನಗೆ ನರದ ಕಾಯಿಲೆ. ಉಚ್ಚೆ ಬಂದರೆ ತಡೆಯಲು ಆಗುವುದಿಲ್ಲ, ಬೆರಳಿನಲ್ಲಿ ಗುಂಡಿ ಬಿಚ್ಚಲು ಆಗುವುದಿಲ್ಲ. ಅದಕ್ಕೆ ಪಂಚೆ. ಒದ್ದೆಯಾದರೆ ಕಾಣಬಾರದು ಎಂದು ಕಪ್ಪು. ಇದರಲ್ಲಿ ದೇವರಿಗೆ ಸಂಬಂಧವಿಲ್ಲ. ನೀವು ಪಾಸಾಗುವುದಕ್ಕೆ ಲೆಕ್ಕ ಮಾಡಬೇಕು, ಅಷ್ಟೆ."

ಯಾರಾದರೂ ನಗುತ್ತಾರೆಂದು ಕಾದೆ. 'ಪರ್‍ರ್' ಅನ್ನುವವರೂ ತುಟಿ ಬಿಚ್ಚಲಿಲ್ಲ. ತಲೆ ತಗ್ಗಿಸಿದವರು ಮೇಷ್ಟ್ರುಗಳು.

ಸಂಜೆಯೊಳಗೆ ನನ್ನನ್ನು ರಜೆಯ ಮೇಲೆ ಕಳಿಸಿದರು. ಕಾರಣ ಪಂಚೆಯಲ್ಲವಂತೆ. ಕಾಯಿಲೆಯೂ ಅಲ್ಲವಂತೆ, ಕಾಯಿಲೆಯ ಬಗ್ಗೆ ಮಂಡಳಿಗೆ ಪೂರ್ಣ ಸಹಾನುಭೂತಿಯಿದೆಯಂತೆ. ಹೆಣ್ಣುಮಕ್ಕಳೂ ಇರುವ ಪ್ರಾರ್ಥನೆಯಲ್ಲಿ, ಮೈಕಿನಲ್ಲಿ, ಆ ಶಬ್ದ ಆಡಿದ್ದು ತಪ್ಪಂತೆ. ಬೀಳ್ಕೊಡಲು ಗೇಟಿನವರೆಗೆ ಬಂದ ಹೆಡ್‌ಮಾಸ್ಟರು ಸಂಕಟದಿಂದ, "ಮೂತ್ರ ಅಂತಾದ್ರೂ ಹೇಳ್ಬಹುದಿತ್ತಲ್ಲ ಮಾರಾಯ್ರೇ, ಹ್ಯಾಗಾದ್ರೂ ತೇಲಿಸ್ತಿದ್ದೆ" ಎಂದರು. ಸುಳ್ಳನ್ನು ಮೈಕಿನಲ್ಲಿ ಹೇಳಿದವರು ಇವರು, ರಜೆ ಸಿಕ್ಕಿದ್ದು ನನಗೆ. ನನ್ನ ತರಗತಿಯನ್ನು ಡ್ರಿಲ್ ಮೇಷ್ಟ್ರಿಗೆ ಕೊಟ್ಟರು.

ಮುಂದಿನ ವಾರ ಒಂದು ಸಂಜೆ, ಶಾಲೆ ಬಿಟ್ಟ ಮೇಲೆ, ಹತ್ತನೆಯ ತರಗತಿಯವರು ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಡ್ರಿಲ್ ಮೇಷ್ಟ್ರು ಪ್ರಮೇಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದಾರಂತೆ, ಏನೂ ತಿಳಿಯುತ್ತಿಲ್ಲವಂತೆ. ಹುಡುಗರು ಸೀದಾ ಜಗುಲಿಗೆ ಬಂದು ಕುಳಿತರು. ಹುಡುಗಿಯರು ಅಂಗಳದಲ್ಲೇ ಗುಂಪಾಗಿ ನಿಂತು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಕೊನೆಗೆ ಅಡ್ಡಗದ್ದೆ ಕಡೆಯಿಂದ ಬರುವ ಒಬ್ಬಳು ಮೆಟ್ಟಿಲ ಹತ್ತಿರ ಬಂದು ನಿಂತಳು.

"ಸಾರ್, ಒಂದಕ್ಕೆ ಹೋಗ್ಬೇಕಿತ್ತು."

ನನ್ನ ಹೆಂಡತಿ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅವಳ ಹಿಂದೆ ಇನ್ನೊಬ್ಬಳು ಹೊರಟಳು. ಅವಳ ಹಿಂದೆ ಮತ್ತೊಬ್ಬಳು. ನೋಡನೋಡುತ್ತ ಇಡೀ ತರಗತಿಯ ಹುಡುಗಿಯರು ನಮ್ಮ ಅಡುಗೆಮನೆಯ ಪಕ್ಕದಲ್ಲಿ ಸಾಲು ನಿಂತರು.

"ಶಾಲೆಯಲ್ಲೇ ಹೋಗಿ ಬರೋದಲ್ವೇನ್ರೇ?" ಎಂದೆ.

"ನಮ್ಮದಕ್ಕೆ ಬೀಗ ಸಾರ್" ಎಂದಳು ಸಾಲಿನಲ್ಲಿದ್ದವಳು. "ಇನ್ಸ್‌ಪೆಕ್ಷನ್ ಬರುವಾಗ ಕ್ಲೀನ್ ಇರ್ಬೇಕು ಅಂತ ಬೀಗ ಹಾಕಿಡ್ತಾರೆ. ಕೀ ಹೆಡ್‌ಮಾಸ್ಟ್ರ ರೂಮಲ್ಲಿ."

"ಕೇಳಿ ಇಸ್ಕೊಳ್ಳೋದು."

"ಎಂಥ ಅಂತ ಕೇಳೋದು ಸಾರ್? ಹಾಗೆಲ್ಲ ಅವ್ರ ಹತ್ರ ಹೇಳ್ಲಿಕ್ಕಾಗ್ತದಾ? ನೀರು ಕುಡಿಯದಿದ್ರೆ ಆಯ್ತು. ಸಂಜೆ ಮನೆಗೆ ಹೋದ ಮೇಲೇ ನಾವು ನೀರು ಕುಡಿಯೋದು."

"ಮತ್ತೆ ನನ್ನ ಹತ್ರ ಹೇಳಿದ್ರಲ್ಲ?"

"ನೀವೇ ಅವತ್ತು ಮೈಕಲ್ಲಿ ಹೇಳಿದ್ರಲ್ಲ ಸಾರ್."

ನನಗೆ ಬಂದ ಸಿಟ್ಟನ್ನು ಎಲ್ಲಿಡಲಿ ಎಂದು ತಿಳಿಯಲಿಲ್ಲ. ನನಗಾದರೆ ಕಾಯಿಲೆ. ಈ ಮಕ್ಕಳ ನರ ಸರಿಯಾಗಿದೆ, ಬೆರಳು ಸರಿಯಾಗಿದೆ, ಇಲ್ಲದಿರುವುದು ಒಂದು ಬೀಗದ ಕೈ. ಹೆಣ್ಣುಮಕ್ಕಳ ಕಿವಿಗೆ ಬೀಳಬಾರದಿತ್ತು ಎಂದು ನನ್ನನ್ನು ಮನೆಗೆ ಕಳಿಸಿದವರು, ಇದೇ ಹೆಣ್ಣುಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಾರಿಸಿ ಕೂರಿಸಿದ್ದರು. ಸಾಲು ಕರಗುವವರೆಗೆ ನಾನು ಪಾಠ ಶುರುಮಾಡಲಿಲ್ಲ. ಹುಡುಗರು ಪುಸ್ತಕದ ಹಾಳೆ ಮಗುಚುತ್ತ ಕುಳಿತಿದ್ದರು. ಕೊನೆಯವಳು ಕಾಲು ತೊಳೆದುಕೊಂಡು ಬಂದು ಕುಳಿತ ಮೇಲೆ ನನ್ನ ಹೆಂಡತಿ ಕೊಡದಲ್ಲಿ ನೀರು, ಜೊತೆಗೊಂದು ಲೋಟ ತಂದಿಟ್ಟಳು. ಹುಡುಗಿಯರು ಒಬ್ಬರ ಕೈಯಿಂದ ಒಬ್ಬರು ಲೋಟ ತೆಗೆದುಕೊಂಡು ಗಟಗಟನೆ ಕುಡಿದರು. ಕೊಡ ಖಾಲಿಯಾಯಿತು, ಅವಳು ಇನ್ನೊಂದು ತರಲು ಬಾವಿಯ ಕಡೆ ಹೋದಳು.